ವೆಬ್ ಪುಟದ ಅಕ್ಷರ ಓದಲು ಬಾರದಿದ್ದರೆ

ಫಾಂಟ್ ಹಾಕುವ ಮೊದಲು ಪರದೆಯಲ್ಲಿ ಏನು ಕಾಣುತ್ತಿದೆ ಎಂದು ಸರಿಯಾಗಿ ನೋಡಿ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಖಾಲಿ ಚೌಕಗಳು ಕಂಡರೆ ಆ ಲಿಪಿಯ ಫಾಂಟ್ ಇಲ್ಲ ಎಂದರ್ಥ. ಕನ್ನಡಕ್ಕೆ ನೋಟೋ ಸಾನ್ಸ್ ಕನ್ನಡ ಹಾಕಿ, ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಿರಿ.

ಒಂದೊಂದು ಕನ್ನಡ ಅಕ್ಷರದ ಜಾಗದಲ್ಲಿ ಎರಡು-ಮೂರು ವಿಚಿತ್ರ ಲ್ಯಾಟಿನ್ ಚಿಹ್ನೆ ಬಂದು, ಅದೇ ಜೋಡಿ ಮತ್ತೆ ಮತ್ತೆ ಕಂಡರೆ ತೊಂದರೆ ಎನ್‌ಕೋಡಿಂಗ್‌ನದು, ಅಂದರೆ ಅಕ್ಷರಗಳನ್ನು ಕಂಪ್ಯೂಟರಿನ ಸಂಖ್ಯೆಗಳಾಗಿ ಬರೆದಿಡುವ ಪದ್ಧತಿಯದು. ಈಗ ಹೆಚ್ಚು ಬಳಕೆಯಲ್ಲಿರುವ ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ ಕನ್ನಡದ ಪ್ರತಿ ಮೂಲ ಅಕ್ಷರಕ್ಕೂ, ಪ್ರತಿ ಕಾಗುಣಿತ ಚಿಹ್ನೆಗೂ 3 ಬೈಟ್ (ಬೈಟ್ ಎಂದರೆ ಕಂಪ್ಯೂಟರ್ ದತ್ತಾಂಶದ ಒಂದು ಸಣ್ಣ ಘಟಕ). ಬ್ರೌಸರ್ ಒಂದೊಂದು ಬೈಟನ್ನೂ ಬೇರೆ ಅಕ್ಷರ ಎಂದು ಓದಿದಾಗ ಹೀಗಾಗುತ್ತದೆ. ಇಲ್ಲಿ ಎಷ್ಟು ಫಾಂಟ್ ಹಾಕಿದರೂ ಪ್ರಯೋಜನವಿಲ್ಲ. ಫೈರ್‌ಫಾಕ್ಸ್‌ನಲ್ಲಿ ಆಲ್ಟ್ ಒತ್ತಿ, ವ್ಯೂ ಮೆನುವಿನ 'ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್' ಆರಿಸಿ. ಕ್ರೋಮ್‌ನಲ್ಲಿ ಈ ಆಯ್ಕೆಯನ್ನೇ ತೆಗೆದಿದ್ದಾರೆ, ಹಾಗಾಗಿ ಇಂಥ ಪುಟಕ್ಕೆ ಫೈರ್‌ಫಾಕ್ಸೇ ವಾಸಿ. ಪುಟ ನಿಮ್ಮದೇ ಆಗಿದ್ದರೆ ಎನ್‌ಕೋಡಿಂಗ್ ಯಾವುದೆಂದು ಬ್ರೌಸರಿಗೆ ಹೇಳುವ ಮೆಟಾ ಚಾರ್‌ಸೆಟ್ ಸಾಲನ್ನು ಎಚ್‌ಟಿಎಂಎಲ್ ಕಡತದ ಮೊದಲ 1024 ಬೈಟ್‌ಗಳೊಳಗೆ ಇಡಿ, ಕಡತವನ್ನೂ ಯುಟಿಎಫ್-8ರಲ್ಲೇ ಉಳಿಸಿ.

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿರುವ ಪುಟಗಳ ಕಥೆ ಬೇರೆ. ಅಲ್ಲಿರುವುದು ನಿಜಕ್ಕೂ ಲ್ಯಾಟಿನ್ ಸಂಕೇತಗಳೇ, ಆ ಫಾಂಟ್ ಮಾತ್ರ ಅವನ್ನು ಕನ್ನಡವಾಗಿ ತೋರಿಸುತ್ತದೆ. ಪಠ್ಯವನ್ನು ನಕಲಿಸಿ, ಅದನ್ನು ಯೂನಿಕೋಡ್‌ಗೆ (ಎಲ್ಲ ಲಿಪಿಗಳಿಗೂ ಇರುವ ಒಂದೇ ಸಂಕೇತ ಪದ್ಧತಿಗೆ) ಬದಲಿಸುವ ಪರಿವರ್ತಕಕ್ಕೆ ಹಾಕಿ.

ಏನೂ ಕಾಣದಿದ್ದರೆ ಕಂಟ್ರೋಲ್-ಎ ಒತ್ತಿ. ಅಕ್ಷರ ಮೂಡಿದರೆ ಅದರ ಬಣ್ಣ ಹಿನ್ನೆಲೆಯ ಬಣ್ಣದಲ್ಲಿ ಬೆರೆತಿದೆ. ಪುಟಗಳನ್ನು ಕಪ್ಪು ಹಿನ್ನೆಲೆಗೆ ಬದಲಿಸುವ ಡಾರ್ಕ್ ಮೋಡ್ ಎಕ್ಸ್‌ಟೆನ್ಷನ್ ಬ್ರೌಸರಿನಲ್ಲಿದ್ದರೆ ಅದನ್ನು ನಿಲ್ಲಿಸಿ ನೋಡಿ, ಬಹುತೇಕ ಅದರದೇ ಕೆಲಸ.

ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆಯಿರುವ ಪಠ್ಯವನ್ನು ಮಾತ್ರ ಹಾಗೇ ನಕಲಿಸಿ ಉಳಿಸಬೇಡಿ. ಆ ನಕಲಿನಿಂದ ಮೂಲ ಅಕ್ಷರ ಮತ್ತೆ ಸಿಗುವುದಿಲ್ಲ.