ದಬ್ಬಣ, ಮೈದಾ ಅಂಟು ಮತ್ತು ಹಳೆಯ ಸೀರೆ

ಏಪ್ರಿಲ್ 10ರಂದು ಶಾಲೆಯ ಫಲಿತಾಂಶ ಬಂದರೆ, ಮರುದಿನ ನಮ್ಮ ಮನೆಯ ಜಗಲಿಯ ಮೇಲೆ ಇಬ್ಬರು ಮಕ್ಕಳ ಚೀಲಗಳೂ ಬೋರಲಾಗುತ್ತಿದ್ದವು. ಒಬ್ಬೊಬ್ಬರದು ಎಂಟೊಂಬತ್ತು ನೋಟುಪುಸ್ತಕ. ಸಮಾಜ ವಿಜ್ಞಾನದ್ದು ರಟ್ಟಿನವರೆಗೂ ತುಂಬಿದ್ದರೆ ಹಿಂದಿಯದು ಅರ್ಧಕ್ಕೇ ನಿಂತಿರುತ್ತಿತ್ತು, ಚಿತ್ರಕಲೆಯದರಲ್ಲಂತೂ ಎರಡು ಮಾವಿನಹಣ್ಣು, ಒಂದು ಸೂರ್ಯೋದಯ ಬಿಟ್ಟರೆ ಉಳಿದದ್ದೆಲ್ಲ ಖಾಲಿ. ಹೀಗೆ ಉಳಿದ ಹಾಳೆಗಳಿಂದ ಮುಂದಿನ ವರ್ಷಕ್ಕೆ ನಾಲ್ಕೈದು ರಫ್ ಪುಸ್ತಕಗಳನ್ನು ಹೊಲಿದಿಡುವುದು ಬೇಸಿಗೆ ರಜೆಯ ಮೊದಲ ಕೆಲಸವಾಗಿತ್ತು. ನಾನು ಧಾರವಾಡದ ಕಡೆ ಹುಟ್ಟಿ ಸಾಗರದ ಅಡಿಕೆ ತೋಟದ ಮನೆಗೆ ಸೊಸೆಯಾಗಿ ಬಂದವಳು. ಕೌದಿ ಹೊಲಿಯುವುದನ್ನು ತವರಿನಲ್ಲಿ ಕಲಿತೆ, ಅಡಿಕೆ ಹಾಳೆಯ ಉಪಯೋಗಗಳನ್ನು ಅತ್ತೆಯಿಂದ ಕಲಿತೆ. ಈಗ ಮೊಮ್ಮಕ್ಕಳಿಗೂ ಅವೇ ಕೆಲಸಗಳನ್ನು ಮಾಡಿಕೊಡುತ್ತಿರುವುದರಿಂದ, ಯಾವುದನ್ನು ಮನೆಯಲ್ಲಿ ಮಾಡುವುದು ಯೋಗ್ಯ, ಯಾವುದನ್ನು ಅಂಗಡಿಯಿಂದ ತರುವುದೇ ಲೇಸು ಎಂಬ ಬಗ್ಗೆ ನನಗೆ ಸ್ವಲ್ಪ ಖಚಿತವಾದ ಅಭಿಪ್ರಾಯವಿದೆ.

ಪುಸ್ತಕದ ಕೆಲಸವನ್ನೇ ಮೊದಲು ಹೇಳುತ್ತೇನೆ. ಖಾಲಿ ಹಾಳೆಯನ್ನು ಎಂದೂ ಹರಿದು ತೆಗೆಯಬಾರದು. ಮಧ್ಯದ ಪಿನ್ನನ್ನು ಬಿಡಿಸಿ ಅಥವಾ ಹೊಲಿಗೆಯ ದಾರವನ್ನು ಬ್ಲೇಡಿನಿಂದ ಕತ್ತರಿಸಿ, ಜೋಡಿಹಾಳೆಯಾಗಿಯೇ ಹೊರತೆಗೆಯಬೇಕು; ಒಂಟಿ ಹಾಳೆಯನ್ನು ಹೊಲಿಗೆ ಹಿಡಿಯುವುದಿಲ್ಲ. ಒಂದು ಪುಸ್ತಕಕ್ಕೆ ಹನ್ನೆರಡು ಜೋಡಿಹಾಳೆ, ಅಂದರೆ 48 ಪುಟ ಸಾಕು. ಅದಕ್ಕಿಂತ ಹೆಚ್ಚು ಸೇರಿಸಿದರೆ ಮಡಿಸಿದಾಗ ಒಳಗಿನ ಹಾಳೆಗಳ ಅಂಚು ಹೊರಕ್ಕೆ ಚಾಚಿಕೊಂಡು, ಪುಸ್ತಕ ಸದಾ ಬಾಯಿ ತೆರೆದುಕೊಂಡೇ ಇರುತ್ತದೆ. ಮೇಲುಹೊದಿಕೆಗೆ ಗೋಡೆ ಕ್ಯಾಲೆಂಡರಿನ ದಪ್ಪ ಹಾಳೆಯನ್ನು, ಬಿಳಿಯ ಬೆನ್ನು ಹೊರಗೆ ಬರುವಂತೆ ಹಾಕಿದರೆ ಹೆಸರು ಬರೆಯಲೂ ಜಾಗ ಸಿಗುತ್ತದೆ.

ಎಲ್ಲವನ್ನೂ ಒಟ್ಟಿಗೆ ಮಡಿಸಿ, ಬಿಡಿಸಿ, ಹಳೆಯ ಮಣೆಯ ಮೇಲಿಟ್ಟು ಮಡಿಕೆಯ ಗೆರೆಯ ಮೇಲೆ ದಬ್ಬಣದಿಂದ ಮೂರು ತೂತು ಮಾಡಬೇಕು: ನಡುವೆ ಒಂದು, ಮೇಲೆ ಮತ್ತು ಕೆಳಗೆ ಅಂಚಿನಿಂದ ಎರಡು ಬೆರಳು ಬಿಟ್ಟು ಒಂದೊಂದು. ಹೊಲಿಗೆಯ ದಾರವನ್ನು ನಾಲ್ಕೆಳೆಯಾಗಿ ಮಡಿಸಿ, ಮೇಣದ ಬತ್ತಿಯ ಮೇಲೆ ಒಂದೆರಡು ಸಲ ಎಳೆದುಕೊಂಡರೆ ಅದು ಗೋಜಲಾಗುವುದಿಲ್ಲ. ಸೂಜಿಯನ್ನು ಒಳಗಿನಿಂದ ನಡುವಿನ ತೂತಿನ ಮೂಲಕ ಹೊರಗೆ ತೆಗೆದು, ಮೇಲಿನ ತೂತಿನಿಂದ ಒಳಗೆ ತಂದು, ನಡುವಿನದನ್ನು ಬಿಟ್ಟು ನೇರವಾಗಿ ಕೆಳಗಿನ ತೂತಿನಿಂದ ಹೊರಗೆ ಹಾಕಿ, ಕೊನೆಗೆ ಮತ್ತೆ ನಡುವಿನ ತೂತಿನಿಂದ ಒಳಗೆ ಬರಬೇಕು. ಆಗ ದಾರದ ಎರಡು ತುದಿಗಳೂ ಒಳಗೇ ಇರುತ್ತವೆ, ಅವುಗಳ ನಡುವೆ ಉದ್ದನೆಯ ಎಳೆಯೊಂದು ಹಾದುಹೋಗಿರುತ್ತದೆ. ಆ ಎಳೆಯನ್ನು ಸೇರಿಸಿಕೊಂಡು ಗಂಟು ಹಾಕಿದರೆ ಹೊಲಿಗೆ ಬಿಗಿಯಾಗಿ ನಿಲ್ಲುತ್ತದೆ. ರಾತ್ರಿಯಿಡೀ ಅಕ್ಕಿ ಡಬ್ಬಿಯ ಕೆಳಗೆ ಇಟ್ಟರೆ ಬೆಳಿಗ್ಗೆ ಪುಸ್ತಕ ಚಪ್ಪಟೆಯಾಗಿರುತ್ತದೆ. ಏಳೆಂಟು ವರ್ಷದ ಮಕ್ಕಳು ಇದನ್ನು ಒಂದೇ ಸಲಕ್ಕೆ ಕಲಿಯುತ್ತಾರೆ. ತೂತು ಮಾಡುವುದನ್ನು ಮಾತ್ರ ದೊಡ್ಡವರು ಮಾಡಬೇಕು.

ಬೆನ್ನಿಗೆ ಬಟ್ಟೆಪಟ್ಟಿ ಅಂಟಿಸುವುದಾದರೆ ಮೈದಾ ಅಂಟಿಗೆ ಸಮನಾದದ್ದಿಲ್ಲ. ಎರಡು ಚಮಚ ಮೈದಾವನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಒಂದು ಲೋಟ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತಿರಬೇಕು. ಬಿಳಿಯ ಬಣ್ಣ ಹೋಗಿ ಗಂಜಿಯಂತೆ ಹೊಳಪು ಬಂದಾಗ ಇಳಿಸಿದರಾಯಿತು. ರಟ್ಟು ಕಟ್ಟುವವರು ಹುಳ ಬಾರದಿರಲೆಂದು ಇದಕ್ಕೆ ಮೈಲುತುತ್ತ ಸೇರಿಸುತ್ತಿದ್ದರು. ಅದು ವಿಷ, ಮಕ್ಕಳು ಬೆರಳು ಬಾಯಿಗಿಡುವ ಮನೆಯಲ್ಲಿ ಅದರ ಗೊಡವೆಯೇ ಬೇಡ. ಚಿಟಿಕೆ ಪಟಿಕದ ಪುಡಿ ಹಾಕಿ, ಬೇಕಾದಷ್ಟೇ ಮಾಡಿ, ಎರಡು ದಿನದಲ್ಲಿ ಮುಗಿಸುವುದು ನನ್ನ ಪದ್ಧತಿ. ಇನ್ನೊಂದು ಮಾತು, ಅಂಟು ತೆಳುವಾಗಿದ್ದಷ್ಟೂ ಒಳ್ಳೆಯದು. ಒಮ್ಮೆ ನಮ್ಮವರ ತೋಟದ ಲೆಕ್ಕದ ಪುಸ್ತಕಗಳು ಗಟ್ಟಿಯಾಗಿರಲೆಂದು ಬೆನ್ನಿಗೆ ಧಾರಾಳವಾಗಿ ಅಂಟು ಬಳಿದಿದ್ದೆ. ಆ ಮಳೆಗಾಲದಲ್ಲಿ ಬೆಳ್ಳಿಮೀನಿನಂತೆ ಮಿನುಗುವ ಆ ಹುಳಗಳು ಅಂಟನ್ನೂ ಅದರ ಜೊತೆಗೆ ಮೂರು ವರ್ಷದ ಲೆಕ್ಕದ ಅಂಚನ್ನೂ ತಿಂದು ಮುಗಿಸಿದ್ದವು. ಅವಕ್ಕೆ ಪಿಷ್ಟವೆಂದರೆ ಹಬ್ಬದೂಟ.

ನಮ್ಮ ಕಡೆ ಜೂನ್‌ನಲ್ಲಿ ಶಾಲೆಯೂ ಮಳೆಯೂ ಒಟ್ಟಿಗೆ ಶುರುವಾಗುತ್ತವೆ. ನೆನೆದ ಬೂಟನ್ನು ಬಚ್ಚಲ ಒಲೆಯ ಪಕ್ಕಕ್ಕಿಟ್ಟರೆ ಅಟ್ಟೆಯ ಅಂಟು ಬಿಟ್ಟುಹೋಗುತ್ತದೆ. ಅದರೊಳಗೆ ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ, ರಾತ್ರಿ ಫ್ಯಾನಿನ ಗಾಳಿಗೆ ಇಟ್ಟರೆ ಬೆಳಿಗ್ಗೆಯ ಹೊತ್ತಿಗೆ ಹಾಕಿಕೊಳ್ಳುವಂತಾಗುತ್ತದೆ. ನೆನೆದ ಪುಸ್ತಕಕ್ಕೂ ಪತ್ರಿಕೆಯೇ ಮದ್ದು: ಹತ್ತು ಹದಿನೈದು ಹಾಳೆಗೊಂದು ತುಂಡು ಇಟ್ಟು, ಭಾರ ಹೇರಿ, ತುಂಡುಗಳನ್ನು ಆಗಾಗ ಬದಲಿಸುತ್ತಿರಬೇಕು. ಹೊಳಪು ಕಾಗದದ ಪಠ್ಯಪುಸ್ತಕವನ್ನು ಮಾತ್ರ ಕೂಡಲೇ ಬಿಡಿಸಿಕೊಳ್ಳಬೇಕು, ಒಣಗಿದ ಮೇಲೆ ಅದು ಒಂದೇ ಇಟ್ಟಿಗೆಯಾಗಿಬಿಡುತ್ತದೆ.

ಅಡುಗೆಮನೆಯ ಉಪಾಯಗಳನ್ನು ಎಲ್ಲರೂ ಬಲ್ಲರು, ಹಾಗಾಗಿ ನನಗೆ ಪ್ರಯೋಜನಕ್ಕೆ ಬಂದ ಕೆಲವನ್ನಷ್ಟೇ ಹೇಳುತ್ತೇನೆ. ತೊಗರಿಬೇಳೆಗೆ ಕೆಜಿಗೆ ಒಂದು ಸಣ್ಣ ಚಮಚದಂತೆ ಹರಳೆಣ್ಣೆ ಸವರಿಟ್ಟರೆ ಹುಳ ಅದರ ಮೇಲೆ ಮೊಟ್ಟೆಯಿಡಲು ಹಿಂಜರಿಯುತ್ತದೆ; ಬೇಯಿಸುವ ಮುಂಚೆ ಬಿಸಿನೀರಿನಲ್ಲಿ ಎರಡು ಸಲ ತೊಳೆದರೆ ಎಣ್ಣೆ ಹೋಗುತ್ತದೆ. ಅಕ್ಕಿಯಲ್ಲಿ ಹುಳ ಕಂಡಿತೆಂದು ಸುಡುಬಿಸಿಲಿಗೆ ಹರಡಬಾರದು, ಕಾಳು ಸೀಳಿ ಅನ್ನ ನುಚ್ಚಾಗುತ್ತದೆ. ನೆರಳಿನಲ್ಲಿ ಗಾಳಿಗೆ ಹರಡಿ, ಕೇರಿ, ಪೂರ್ತಿ ಒಣಗಿದ ಬೇವಿನೆಲೆಯನ್ನು ನಡುನಡುವೆ ಇಡಬೇಕು. ಹಸಿ ಎಲೆಯಿಟ್ಟರೆ ಅದರ ತೇವದಿಂದಲೇ ಬೂಷ್ಟು ಬರುತ್ತದೆ. ತುಪ್ಪದ ಹೀರೆಯ ಒಂದೆರಡು ಕಾಯಿಗಳನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಸಿಪ್ಪೆ ಸುಲಿದು ಬೀಜ ಕೊಡವಿದರೆ, ಮೈಯುಜ್ಜಲೂ ಪಾತ್ರೆ ತಿಕ್ಕಲೂ ನಾರು ಸಿಗುತ್ತದೆ, ಮುಂದಿನ ವರ್ಷಕ್ಕೆ ಬೀಜವೂ ಸಿಗುತ್ತದೆ. ರೇಷ್ಮೆ ಸೀರೆಗೆ ಹದಿನೈದು ಅಂಟುವಾಳದ ಕಾಯಿಗಳ ಬೀಜ ತೆಗೆದು, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಇಪ್ಪತ್ತು ನಿಮಿಷ ಕುದಿಸಿ ಸೋಸಿದ ನೀರನ್ನು ಬಳಸುತ್ತೇನೆ. ಅದರ ನೊರೆ ಕಣ್ಣಿಗೆ ಬಿದ್ದರೆ ಮೆಣಸಿನಕಾಯಿಯಷ್ಟೇ ಉರಿಯುತ್ತದೆ, ಆದ್ದರಿಂದ ಮಕ್ಕಳ ಕೈಗೆ ಸಿಗದಂತಿರಲಿ. ಪಾತ್ರೆ ತೊಳೆಯುವ ಸೋಪು, ನೆಲ ಒರೆಸುವ ದ್ರಾವಣ ಮುಂತಾದವುಗಳನ್ನು ಮನೆಯಲ್ಲೇ ಮಾಡಬೇಕೆಂಬ ಹಟ ನನಗಿಲ್ಲ. ಅರ್ಧ ದಿನ ಹಾಳುಮಾಡಿ ಹತ್ತು ರೂಪಾಯಿ ಉಳಿಸುವುದು ಜಾಣತನವಲ್ಲ.

ಮಕ್ಕಳ ಆರೋಗ್ಯದ ವಿಷಯದಲ್ಲಂತೂ ಮನೆಯ ಉಪಾಯ ಹೇಳಲು ನಾನು ಇನ್ನೂ ಜಿಪುಣಿ. ಭೇದಿಯಾದಾಗ ಔಷಧದಂಗಡಿಯ ಓಆರ್‌ಎಸ್ ಪೊಟ್ಟಣ ಕೈಗೆ ಸಿಗದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕು. ಉಪ್ಪು ಹೆಚ್ಚಾದರೆ ಅಪಾಯ, ಮಾಡಿದ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಇಡಬಾರದು. ಮಗು ಮಂಕಾಗಿ, ಮೂತ್ರ ಕಡಿಮೆಯಾದರೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಕೂಡದು. ಇನ್ನು ಹಣತೆಯ ಮೇಲೆ ತಾಮ್ರದ ತಟ್ಟೆ ಕವುಚಿ ಹಿಡಿದ ಕಾಡಿಗೆ: ನಾನೂ ಮಾಡಿದ್ದೆ, ಮೊದಲ ಮಗುವಿನ ಕಣ್ಣಿಗೆ ಹಚ್ಚಿಯೂ ಇದ್ದೆ. ಮೂರನೆಯ ದಿನ ರೆಪ್ಪೆಗಳು ಅಂಟಿಕೊಂಡು, ಹತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ ಬಿಡಿಸಬೇಕಾಯಿತು. ವೈದ್ಯರು ಬೈದದ್ದು ಸರಿಯಾಗಿಯೇ ಇತ್ತು. ಎರಡನೆಯ ಮಗುವಿಗೆ ದೃಷ್ಟಿಬೊಟ್ಟು ಅಂಗಾಲಿಗೆ ಮಾತ್ರ.

ಅಡಿಕೆ ಹಾಳೆಯ ವಿಷಯಕ್ಕೆ ಬಂದರೆ, ಹಿಂದೆ ನಮ್ಮ ಕಡೆ ಬಾಣಂತಿ ಕೋಣೆಯಲ್ಲಿ ಕೂಸನ್ನು ಎರೆಯುತ್ತಿದ್ದದ್ದೇ ದೊಡ್ಡ ಹಾಳೆಯ ಮೇಲೆ ಮಲಗಿಸಿಕೊಂಡು. ಅದರ ಒಳಮೈ ನುಣುಪಾಗಿ, ತೊಟ್ಟಿಲಿನಂತೆ ಬಾಗಿರುವುದರಿಂದ ಕೂಸು ಜಾರುವುದಿಲ್ಲ. ತೋಟದಲ್ಲಿ ತಾನಾಗಿ ಬಿದ್ದ ಹಾಳೆಯನ್ನು ಅಂದೇ ಆರಿಸಿ ತರಬೇಕು. ಮಳೆ ಹೊಡೆದರೆ ಕಪ್ಪು ಬೂಷ್ಟು ಹಿಡಿಯುತ್ತದೆ. ಒಣಗಿ ಸೆಟೆದದ್ದನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿದರೆ ಚರ್ಮದಂತೆ ಮೆತ್ತಗಾಗುತ್ತದೆ. ಆಗ ಎರಡು ತುದಿಗಳನ್ನೂ ಉಡುಗೊರೆಯ ಪೊಟ್ಟಣದಂತೆ ಮಡಿಸಿ, ದಬ್ಬಣದಿಂದ ಬಾಳೆನಾರು ಹೊಲಿದು ನೆರಳಿನಲ್ಲಿ ಒಣಗಿಸಿದರೆ ಮಕ್ಕಳ ಬಳಪ, ಪೆನ್ಸಿಲ್, ಗೋಲಿಗಳಿಗೆ ತಟ್ಟೆಯಾಗುತ್ತದೆ. ಮೊಮ್ಮಗನಿಗೆ ಅದಕ್ಕಿಂತ ಮೆಚ್ಚಾದದ್ದು ಸೋಗೆ ಸಮೇತವಾದ ಹಾಳೆಯ ಮೇಲೆ ಕುಳಿತು ಅಂಗಳದ ತುಂಬ ಎಳೆಸಿಕೊಳ್ಳುವ ಆಟ. ಬೆಂಗಳೂರಿನಿಂದ ತಂದ ಬ್ಯಾಟರಿಯ ಕಾರು ಎರಡು ದಿನ ಕಟ್ಟೆಯ ಮೇಲೆಯೇ ನಿಂತಿತ್ತು.

ಈಗ ಕೌದಿ. ನನಗೆ ಅತ್ಯಂತ ಪ್ರಿಯವಾದ ಕೆಲಸವಿದು, ಆದ್ದರಿಂದ ಸ್ವಲ್ಪ ಉದ್ದವಾದರೆ ಓದುಗರು ಮನ್ನಿಸಬೇಕು. ಕೌದಿಗೆ ಹಳೆಯ ಹತ್ತಿ ಬಟ್ಟೆಯೇ ಆಗಬೇಕು. ಹತ್ತಾರು ಸಲ ಒಗೆದ ಸೀರೆ, ಧೋತರ, ಲುಂಗಿಗಳಿಗೆ ಮಗುವಿನ ಮೈಗೆ ಒಗ್ಗುವ ಮೃದುತ್ವ ಬಂದಿರುತ್ತದೆ. ಪಾಲಿಯೆಸ್ಟರನ್ನು ನಡುವಿನ ಪದರಕ್ಕೂ ಹಾಕಬಾರದು, ಅದು ಬೆವರನ್ನು ಹೀರುವುದಿಲ್ಲ. ಇಳಕಲ್ ಸೀರೆಯಾದರೆ ಹತ್ತಿಯ ಒಡಲನ್ನು ಮಾತ್ರ ಬಳಸಿ ಅಂಚನ್ನು ಬಿಡಿಸಿಡಬೇಕು, ಏಕೆಂದರೆ ಆ ಬಿಗಿಯಾದ ಅಂಚು ಕೌದಿಯನ್ನು ಸುಕ್ಕುಗಟ್ಟಿಸುತ್ತದೆ. ಆದರೆ ಅದೇ ಅಂಚು ಸಂತೆಯ ಚೀಲದ ಹಿಡಿಕೆಗೆ ಬಲು ಗಟ್ಟಿ. ಎಲ್ಲ ಬಟ್ಟೆಗಳನ್ನೂ ಬಿಸಿನೀರಿನಲ್ಲಿ ತೊಳೆದು ಗಂಜಿಯ ಅಂಶವನ್ನು ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಲೆಕ್ಕದ ಪುಸ್ತಕಕ್ಕೆ ಬಂದ ಅತಿಥಿಗಳೇ ಇಲ್ಲಿಗೂ ಬರುತ್ತಾರೆ. ಬಣ್ಣ ಬಿಡುವ ಬಟ್ಟೆಯನ್ನು ಬೇರೆಯಾಗಿ ಎರಡು ಸಲ ನೆನೆಸಿ ನೋಡಿ, ನೀರು ತಿಳಿಯಾದರೆ ಮಾತ್ರ ಸೇರಿಸಬೇಕು.

ಕೂಸಿನ ಕೌದಿಗೆ ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲ, ನಾಲ್ಕು ಪದರ ಸಾಕು, ಬೇಸಿಗೆಗಾದರೆ ಮೂರು. ಪದರಗಳನ್ನು ನೆಲದ ಮೇಲೆ ಹರಡಿ, ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರಿ, ಒಂದು ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಳ್ಳದಿದ್ದರೆ ಒಳಗಿನ ಪದರ ಜಾರಿ ಮುದ್ದೆಯಾಗುತ್ತದೆ. ಮೇಲೆ ಚೌಕ, ತ್ರಿಕೋನದ ತುಂಡುಗಳನ್ನು ಅಂಚು ಒಳಮಡಿಸಿ ಜೋಡಿಸಬಹುದು. ಹೊಲಿಗೆಯನ್ನು ಅಂಚಿನಿಂದ ಪ್ರಾರಂಭಿಸಿ, ಬೆರಳಿನಗಲ ಬಿಟ್ಟು, ಸುತ್ತು ಸುತ್ತಾಗಿ ನಡುವಿನ ಕಡೆಗೆ ಬರಬೇಕು. ಸಾದಾ ಹೊಲಿಗೆ, ಕಡಲೆಕಾಳಿನ ಉದ್ದ, ಅಷ್ಟೆ. ದಾರವನ್ನು ಬಲವಾಗಿ ಎಳೆಯಬಾರದು. ಒಗೆದಾಗ ಬಟ್ಟೆ ಹರಿಯುವುದು ಹಳೆಯದಾದುದರಿಂದಲ್ಲ, ಎಳೆತದಿಂದ. ದಿನಕ್ಕೆ ಒಂದು ಗಂಟೆಯಂತೆ ಕುಳಿತರೆ ಸಣ್ಣ ಕೌದಿ ಹದಿನೈದಿಪ್ಪತ್ತು ದಿನದಲ್ಲಿ ಮುಗಿಯುತ್ತದೆ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳೂ ಹೀಗೆಯೇ ಅಂಚಿನಿಂದ ಒಳಸರಿಯುತ್ತವೆ, ಆದರೆ ಅವರ ಬಣ್ಣಗಳ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಬಟ್ಟೆ ಕೂಡಿಡುವವರಿಗೆ ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಬೇಕಾದೀತು ಎಂದು ಅಟ್ಟಕ್ಕೆ ಎಸೆದದ್ದು ಮಿತವ್ಯಯವಲ್ಲ, ಇಲಿಗಳಿಗೆ ಹೆರಿಗೆ ಮನೆ. ನಮ್ಮಲ್ಲಿ ಒಂದು ಟ್ರಂಕಿನಷ್ಟು ಬಟ್ಟೆಗೆ ಮಾತ್ರ ಅವಕಾಶ. ಅದು ತುಂಬಿದರೆ ಕೌದಿ ಶುರುವಾಗಬೇಕು, ಇಲ್ಲವೇ ಬಟ್ಟೆ ಒರೆಸುವ ಅರಿವೆಯಾಗಬೇಕು.

ಒಂದು ವರ್ಷದೊಳಗಿನ ಕೂಸಿಗೆ ಕೌದಿಯನ್ನು ಮಡಿಕೆಯಿಲ್ಲದಂತೆ ಬೆನ್ನ ಕೆಳಗೆ ಹಾಸಬೇಕೇ ಹೊರತು ಮುಖದ ಹತ್ತಿರಕ್ಕೆ ಹೊದಿಸಬಾರದು. ತವರಿನಲ್ಲಿ ಅಮ್ಮ ಹೊಲಿಗೆ ನಡುವಿಗೆ ಬಂದಾಗ ಅಂಗೈಯಷ್ಟು ಜಾಗ ಬಿಟ್ಟು, ಕೌದಿಯ ಹೊಟ್ಟೆ ಹಸಿದಿರಬಾರದೆಂದು ಹೋಳಿಗೆಯ ಚೂರೊಂದನ್ನು ಇಟ್ಟು ಮುಚ್ಚುತ್ತಿದ್ದಳು. ಸಾಗರದ ಮಳೆಯಲ್ಲಿ ಹಾಗೆ ಮಾಡಿದರೆ ಇರುವೆಗಳ ಸಾಲು ತಪ್ಪದು, ಆದ್ದರಿಂದ ನಾನು ಹೋಳಿಗೆಯನ್ನು ಕೌದಿಗೆ ಮುಟ್ಟಿಸಿ ಮೊಮ್ಮಗಳ ಬಾಯಿಗೆ ಹಾಕುತ್ತೇನೆ. ಆಮೇಲೆ ಕೊನೆಯ ಗಂಟನ್ನು ಪದರಗಳ ನಡುವೆ ಎಳೆದು ಅಡಗಿಸಿ, ದಾರದ ತುದಿಯನ್ನು ಬಟ್ಟೆಗೆ ತಾಗಿಸಿಯೇ ಕತ್ತರಿಸಬೇಕು; ಹೊರಗೆ ಉಳಿದ ಎಳೆ ಮೊದಲು ಹೋಗುವುದು ಕೂಸಿನ ಬೆರಳಿಗೆ, ಅಲ್ಲಿಂದ ಬಾಯಿಗೆ.