ತಪ್ಪು ವಿಲಿಯಂಗೆ ಕೊಟ್ಟ 33 ಪೌಂಡ್

ನನ್ನ ಹಾಗೆಯೇ ಇಂಗ್ಲಿಷ್ ಮನೆಗೆ ಸೊಸೆಯಾಗಿ ಬಂದ ಧಾರವಾಡದ ಹುಡುಗಿಯೊಬ್ಬಳು ಮೊನ್ನೆ ಫೋನ್ ಮಾಡಿದ್ದಳು. "ಅಕ್ಕಾ, ಮಾವನ ಮುತ್ತಜ್ಜನ ಬರ್ತ್ ಸರ್ಟಿಫಿಕೇಟ್ ತರಿಸಿದೆ. ಅದರಲ್ಲಿ ಅಪ್ಪನ ಹೆಸರೇ ಬೇರೆ!" ನಗು ತಡೆಯಲಾಗಲಿಲ್ಲ. ಅದೇ ಹೆಸರಿನ ಬೇರೆ ಯಾರದ್ದೋ ಸರ್ಟಿಫಿಕೇಟ್ ತರಿಸುವ ಈ ತಪ್ಪನ್ನು ನಾನು ಮೂರು ಸಲ ಮಾಡಿದ್ದೆ. ಆಗ ಒಂದಕ್ಕೆ 11 ಪೌಂಡ್.

ನಮ್ಮ ಅತ್ತೆಯ ಊರು ಇಂಗ್ಲೆಂಡಿನ ಡಾರ್ಸೆಟ್ ಕೌಂಟಿಯ ಒಂದು ಹಳ್ಳಿ. ಅಲ್ಲಿ ಅಜ್ಜನೂ ವಿಲಿಯಂ, ಮೊಮ್ಮಗನೂ ವಿಲಿಯಂ, ಪಕ್ಕದ ಊರಿನ ದಾಯಾದಿಯೂ ವಿಲಿಯಂ. ಸರ್ಕಾರದ ಜನನ ನೋಂದಣಿ ಶುರುವಾದದ್ದು 1837ರ ಜುಲೈಯಲ್ಲಿ. ಅದರ ಸೂಚಿಯಲ್ಲಿ ಹಳ್ಳಿಯ ಹೆಸರು ಇರುವುದಿಲ್ಲ, ನೋಂದಣಿ ಜಿಲ್ಲೆಯ ಹೆಸರಿರುತ್ತದೆ. ಬ್ಲ್ಯಾಂಡ್‌ಫರ್ಡ್ ಅಂತ ಇದ್ದರೆ ಸುತ್ತಲಿನ ಎಷ್ಟೋ ಹಳ್ಳಿ ಅದರೊಳಗೆ ಬಂತು. ತಾರೀಖೂ ಇಲ್ಲ, ಮೂರು ತಿಂಗಳ ಲೆಕ್ಕ ಅಷ್ಟೇ. ಅದೂ ಹುಟ್ಟಿದ ದಿನದ್ದಲ್ಲ, ಬರೆಸಿದ ದಿನದ್ದು. ಬರೆಸಲು 42 ದಿನ ಸಮಯ ಇತ್ತು. ಹಾಗಾಗಿ ಮಾರ್ಚ್‌ನಲ್ಲಿ ಹುಟ್ಟಿದವನು ಜೂನ್ ಪಟ್ಟಿಯಲ್ಲಿ, ಅಂದರೆ ಏಪ್ರಿಲ್‌ನಿಂದ ಜೂನ್‌ವರೆಗಿನದರಲ್ಲಿ, ಕೂತಿರಬಹುದು.

ಎಡವುವುದು ಇಲ್ಲೇ. ಹಳೆಯ ಸೂಚಿಯಲ್ಲಿ ತಾಯಿಯ ತವರಿನ ಹೆಸರು, ಅಂದರೆ ಮದುವೆಗೆ ಮುಂಚಿನ ಅಡ್ಡಹೆಸರು, ಸೇರಿದ್ದು 1911ರ ಸೆಪ್ಟೆಂಬರ್ ಪಟ್ಟಿಯಿಂದ ಮಾತ್ರ. ಆ ಸೂಚಿ ನೋಡಿಕೊಂಡು 1850ರ ವಿಲಿಯಂನನ್ನು ಆರಿಸುವುದು ಲಾಟರಿ ಟಿಕೆಟ್ ಕೊಂಡ ಹಾಗೆ. ಈ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಕಚೇರಿ ಜನರಲ್ ರಿಜಿಸ್ಟರ್ ಆಫೀಸ್‌ನ ಸ್ವಂತ ಆನ್‌ಲೈನ್ ಸೂಚಿಗೆ ಹೋಗಿ. ಖಾತೆ ತೆರೆಯಲು ದುಡ್ಡಿಲ್ಲ, 1837ರಿಂದಲೇ ತವರಿನ ಹೆಸರು ಸಿಗುತ್ತದೆ. ಆ ಜಾಗ ಖಾಲಿ ಇದ್ದರೆ ಹೆಚ್ಚಾಗಿ ತಾಯಿಗೆ ಮದುವೆ ಆಗಿರಲಿಲ್ಲ ಅಂತ ಅರ್ಥ. ಹೆಸರು ಹೊಂದಿದ ಮೇಲೂ ಸರ್ಟಿಫಿಕೇಟ್ ತರಿಸಬೇಡಿ. ಹಳೆಯ ಜನನಗಳಿಗೆ ಮೂರು ಪೌಂಡ್‌ನ ಡಿಜಿಟಲ್ ಪ್ರತಿ ಸಾಕು.

ಚರ್ಚ್‌ನಲ್ಲಿ ಆದ ಹಳೆಯ ಮದುವೆಗೆ ಸರ್ಟಿಫಿಕೇಟೇ ಬೇಡ. ಅದರಲ್ಲಿ ಇರುವುದೆಲ್ಲ ಪ್ಯಾರಿಷ್ ರಿಜಿಸ್ಟರ್‌ನಲ್ಲೇ, ಅಂದರೆ ಊರ ಚರ್ಚಿನ ದಾಖಲೆ ಪುಸ್ತಕದಲ್ಲೇ ಇರುತ್ತದೆ, ಇಬ್ಬರ ಅಪ್ಪಂದಿರ ಹೆಸರು, ಕಸುಬು ಸಮೇತ. ಹಳೆಯ ಪುಸ್ತಕಗಳು ಈಗ ಚರ್ಚ್‌ಗಿಂತ ಕೌಂಟಿಯ ದಾಖಲೆ ಕೇಂದ್ರದಲ್ಲೇ ಜಾಸ್ತಿ. ನಮ್ಮ ಕಡೆಯವು ಡಾರ್ಚೆಸ್ಟರ್‌ನಲ್ಲಿವೆ. ಸುಮ್ನೆ ಪಾದ್ರಿಯ ಬಾಗಿಲು ತಟ್ಟಬೇಡಿ. ಅಲ್ಲಿಗೆ ಹೋದಾಗ ಟೈದ್ ನಕ್ಷೆಯನ್ನೂ ಕೇಳಿ. ಟೈದ್ ಅಂದರೆ ಬೆಳೆಯಲ್ಲಿ ಚರ್ಚಿಗೆ ಕೊಡಬೇಕಿದ್ದ ಹತ್ತನೇ ಒಂದು ಪಾಲು; ನಕ್ಷೆ 1836ರ ಕಾಯ್ದೆಯಿಂದ ಬಂದದ್ದು. ಯಾವ ಹೊಲ ಯಾರದು, ಉಳುತ್ತಿದ್ದವರು ಯಾರು, ಹೊಲದ ಹೆಸರೇನು, ಎಲ್ಲ ಬರೆದಿದ್ದಾರೆ. ನಮ್ಮ ಪಹಣಿಯ ಅಣ್ಣ ಅನ್ನಿ.

ನಮ್ಮದು ಮೇಲೋ ಇವರದ್ದೋ? ಅಜ್ಜನ ಊರಿಗೆ ಎತ್ತಿನ ಮೇಲೆ ಬರುತ್ತಿದ್ದ ಹೆಳವರು ಮನೆತನದ ಏಳು ತಲೆ ಹೇಳಿ, ಕಾಳು ಪಡೆದು ಹೋಗುತ್ತಿದ್ದರಂತೆ. ಫಾರಂ ತುಂಬುವ ಗೋಳಿಲ್ಲ. ಆದರೆ ಕೂಲಿಯವಳ ನಾಲ್ಕು ದಿನದ ಕೂಸನ್ನೂ ಹೆಸರು ಬರೆದು ಮಣ್ಣು ಮಾಡಿದ ಇವರ ಪುಸ್ತಕ ಕಂಡಾಗ ನನ್ನ ಓಟು ಇವರಿಗೇ ಹೋಯಿತು.

ಇನ್ನೊಂದು ವಿಷಯ. 1752ಕ್ಕೆ ಮುಂಚೆ ಇಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ. ಇದು ಗೊತ್ತಿಲ್ಲದೆ ಒಮ್ಮೆ ಅತ್ತೆಯ ಎದುರೇ ಅಂದುಬಿಟ್ಟೆ: "ಇವರ ಮದುವೆ 1720ರ ಜೂನ್, ಮಗುವಿನ ಬ್ಯಾಪ್ಟಿಸಂ 1720ರ ಜನವರಿ!" ಅತ್ತೆಯ ಮುಖ ಕೆಂಪಾಯಿತು. ಆಮೇಲೆ ಕ್ಷಮೆ ಕೇಳಿ ತಿದ್ದಿದೆ, ಆ ಜನವರಿ ಈಗಿನ ಲೆಕ್ಕದಲ್ಲಿ 1721. ಹಾಗೆ ನೋಡಿದರೂ ಮದುವೆಯಾಗಿ ಏಳೇ ತಿಂಗಳು. ಅದನ್ನು ಹೇಳಲಿಲ್ಲ.