ಅಭ್ಯಾಸದ ಕಾಲಂ ತುಂಬುವುದು ಹೇಗೆ?
ಆರೋಗ್ಯ ವಿಮೆ ಮಾಡಿಸುವ ಮುಂಬೈ ಕನ್ನಡಿಗರಿಗೆ

ಆರೋಗ್ಯ ವಿಮೆಯ ಪ್ರೀಮಿಯಂನಲ್ಲಿ ದೊಡ್ಡ ಪಾಲು ನಿಮ್ಮ ಕೈಯಲ್ಲಿಲ್ಲ. ವಯಸ್ಸನ್ನು ನಿಲ್ಲಿಸಲು ಆಗುವುದಿಲ್ಲ. ಮುಂಬೈ ಆಸ್ಪತ್ರೆಗಳ ಬಿಲ್ ಜಾಸ್ತಿ ಅಂತ ಹಲವು ಕಂಪನಿಗಳು ಇಲ್ಲಿಯವರಿಂದ ಹೆಚ್ಚು ಕೇಳುತ್ತವೆ. ಅದಕ್ಕೆ ಊರಿನ ವಿಳಾಸ ಕೊಟ್ಟು ಉಳಿಸುವ ಜಾಣತನ ಬೇಡ. ಇಲ್ಲಿ ಅಡ್ಮಿಟ್ ಆದಾಗ ಬಿಲ್ಲಿನ ಒಂದು ಭಾಗ ನೀವೇ ಕಟ್ಟಬೇಕಾದೀತು. ನಿಮ್ಮ ಕೈಯಲ್ಲಿರುವುದು ತಂಬಾಕು, ಕುಡಿತ, ತೂಕ. ಜತೆಗೆ, ಇವುಗಳ ಬಗ್ಗೆ ವಿಮೆಯ ಅರ್ಜಿ ಫಾರ್ಮಿನಲ್ಲಿ, ಅಭ್ಯಾಸಗಳನ್ನು ಕೇಳುವ ಕಾಲಂನಲ್ಲಿ, ಏನು ಬರೆಯುತ್ತೀರಿ ಎಂಬುದು.

ಮೊದಲು, ಫಾರ್ಮ್ ನೀವೇ ತುಂಬಿ. ಏಜೆಂಟ್ ನಮ್ಮವರೇ, ಡೊಂಬಿವಲಿಯಲ್ಲಿ ಪಕ್ಕದ ಬಿಲ್ಡಿಂಗಿನವರೇ ಆಗಿರಬಹುದು. ಆದರೂ 'ಸೈನ್ ಮಾಡಿ ಸಾಕು, ಉಳಿದದ್ದು ನಾನು ನೋಡ್ಕೊಳ್ತೇನೆ' ಅಂದರೆ ಒಪ್ಪಬೇಡಿ. ಅವರು ಎಲ್ಲ ಪ್ರಶ್ನೆಗೂ 'ಇಲ್ಲ' ಅಂತ ಟಿಕ್ ಹಾಕಿದರೂ, ಸಹಿ ನಿಮ್ಮದು. ಎಲೆ ಅಡಿಕೆ ಜತೆ ಹಾಕುವ ಹೊಗೆಸೊಪ್ಪೂ ತಂಬಾಕೇ. ಸಿಗರೇಟ್ ಸೇದಲ್ಲ ಅಂದ ಮಾತ್ರಕ್ಕೆ 'ಇಲ್ಲ' ಎಂದು ಬರೆಯುವಂತಿಲ್ಲ. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಬಿಟ್ಟಿದ್ದರೆ ಯಾವಾಗ ಎಂಬುದನ್ನೂ ಬರೆಯಿರಿ.

ತೂಕವನ್ನು ಅಂದಾಜಿನಲ್ಲಿ ಬರೆಯಬೇಡಿ. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಸಿಗುತ್ತದೆ. 168 ಸೆಂ.ಮೀ. ಎತ್ತರ, 82 ಕಿಲೋ ಇದ್ದರೆ ಸುಮಾರು 29. ಇಂಥ ಹೆಚ್ಚಿನ ಬಿಎಂಐಗೆ, ಬಿಪಿಗೆ, ಶುಗರಿಗೆ ಕಂಪನಿ ಪ್ರೀಮಿಯಂ ಮೇಲೆ 'ಲೋಡಿಂಗ್', ಅಂದರೆ ಹೆಚ್ಚುವರಿ ಹಣ, ಹೇರಬಹುದು. ಎಷ್ಟು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಹಾಗಾಗಿ ಎರಡು ಮೂರು ಕಡೆ ಕೇಳಿ ನೋಡಿ. ತಂಬಾಕಿಗೆ ಹೆಚ್ಚು ಕೇಳುವುದು ನನಗೆ ಸರಿಯೇ ಅನಿಸುತ್ತದೆ. ಆದರೆ ಹೋಟೆಲ್ ಗಲ್ಲಾದಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಕೂತು, ಶಟರ್ ಎಳೆದ ಮೇಲೆ ಉಳಿದ ಅನ್ನ ಉಣ್ಣುವವನ ಹೊಟ್ಟೆಯನ್ನು 'ಅವನ ಆಯ್ಕೆ' ಅನ್ನುವುದು ಎಷ್ಟು ಸರಿ?

ಆಸ್ಪತ್ರೆಯಲ್ಲಿ ಹೇಳುವ ಮಾತು ಎಚ್ಚರ. ಬಹಳ ಕ್ಲೇಮ್‌ಗಳು ಕೆಡುವುದು ಇಲ್ಲೇ. ರಾತ್ರಿ ಎದೆನೋವು. ಕ್ಯಾಶುವಲ್ಟಿಯಲ್ಲಿ ಡಾಕ್ಟರ್ ಕೇಳುತ್ತಾರೆ: 'ಬಿಪಿ ಕಬ್ ಸೇ ಹೈ?' ಜತೆಗೆ ಬಂದ ಅಳಿಯ ಗಾಬರಿಯಲ್ಲಿ 'ಪಾಂಚ್-ಛೇ ಸಾಲ್ ಹುವಾ ಹೋಗಾ' ಅನ್ನುತ್ತಾನೆ. ಅದು ಕೇಸ್ ಪೇಪರಿಗೆ ಹೋಗುತ್ತದೆ, ಅಲ್ಲಿಂದ ಡಿಸ್ಚಾರ್ಜ್ ಸಮ್ಮರಿಗೆ. ಪಾಲಿಸಿ ಮೂರು ವರ್ಷದ್ದು, ಬಿಪಿ ಶುರುವಾದದ್ದು ಕಳೆದ ವರ್ಷ. ಆದರೆ ಕಂಪನಿಯವರ ಕಣ್ಣಿಗೆ ಬೀಳುವುದು ಆ ಒಂದು ಸಾಲು: ಪಾಲಿಸಿಗೆ ಮೊದಲೇ ಇದ್ದ ಬಿಪಿ ಮುಚ್ಚಿಟ್ಟಿರಿ ಅನ್ನುತ್ತಾರೆ. ಆದ್ದರಿಂದ ಮಾತ್ರೆ ಬರೆದ ಮೊದಲ ಚೀಟಿಯ ಫೋಟೊ ಮನೆಯವರೆಲ್ಲರ ಮೊಬೈಲಿನಲ್ಲಿರಲಿ. ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ' ಅನ್ನಲಿ. ಸಮ್ಮರಿ ಕೈಗೆ ಬಂದ ಕೂಡಲೇ ಓದಿ. ತಪ್ಪಿದ್ದರೆ ಹಳೆ ಚೀಟಿ ತೋರಿಸಿ ಅಲ್ಲೇ ತಿದ್ದಿಸಿ.

ಇದ್ದದ್ದನ್ನು ಬರೆದರೆ ವಿಮೆಯೇ ಸಿಗಲ್ಲ ಅನ್ನುವ ಭಯ ಹಲವರಿಗೆ. ಆದರೆ 2024ರಿಂದ, ಮೊದಲೇ ಇದ್ದ ಕಾಯಿಲೆಗೆ ಕ್ಲೇಮ್ ಕೊಡದೆ ಕಾಯಿಸುವ ಅವಧಿ ಹೆಚ್ಚೆಂದರೆ 36 ತಿಂಗಳು. ಪಾಲಿಸಿ ಸತತ 60 ತಿಂಗಳು ನಡೆದ ಮೇಲೆ, ವಂಚನೆ ಸಾಬೀತಾಗದೆ, ವಿಷಯ ಮುಚ್ಚಿಟ್ಟಿರಿ ಅಂತ ಕ್ಲೇಮ್ ತಳ್ಳುವಂತಿಲ್ಲ. ಕ್ಲೇಮ್ ಮಾಡಿದಿರಿ ಎಂಬ ಕಾರಣಕ್ಕೆ ರಿನ್ಯೂವಲ್ ನಿರಾಕರಿಸುವಂತೆಯೂ ಇಲ್ಲ. ಹೊಸ ಪಾಲಿಸಿ ಕೈಗೆ ಬಂದು 30 ದಿನದೊಳಗೆ, ಬೇಡವೆನಿಸಿದರೆ ಹಿಂತಿರುಗಿಸಬಹುದು. ಆ ದಿನಗಳಲ್ಲೇ ಜತೆಗೆ ಬರುವ ಫಾರ್ಮಿನ ಪ್ರತಿ ತೆಗೆದು ನಿಮ್ಮ ಉತ್ತರಗಳನ್ನು ಇನ್ನೊಮ್ಮೆ ನೋಡಿ.

ಪ್ರೀಮಿಯಂ ಹೊರೆ ಕಡಿಮೆ ಮಾಡಿಕೊಳ್ಳುವ ದಾರಿ. ಕೆಲವು ಪಾಲಿಸಿಗಳು ನಡೆದ ಹೆಜ್ಜೆಗಳನ್ನು ಮೊಬೈಲ್ ಆ್ಯಪ್‌ನಲ್ಲಿ ಎಣಿಸಿ ರಿನ್ಯೂವಲ್‌ನಲ್ಲಿ ರಿಯಾಯಿತಿ ಕೊಡುತ್ತವೆ. ಲೋಕಲ್ ಹಿಡಿಯಲು ಸ್ಟೇಷನ್ನಿಗೆ ಓಡುವುದೂ ಲೆಕ್ಕಕ್ಕೆ ಬರುತ್ತದೆ! ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿದ್ದರೆ ವಾರ್ಷಿಕ ತಪಾಸಣೆಗೆ 5,000 ರೂಪಾಯಿವರೆಗೆ ವಿನಾಯಿತಿ ಇದೆ, ಆರೋಗ್ಯ ವಿಮೆಗೆ ಸಿಗುವ ಒಟ್ಟು ವಿನಾಯಿತಿಯ ಮಿತಿಯೊಳಗೇ. ವೈಯಕ್ತಿಕ ಪಾಲಿಸಿಗಳ ಮೇಲಿದ್ದ ಶೇ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ರಿನ್ಯೂವಲ್ ನೋಟಿಸಿನಲ್ಲಿ ಅದು ಸೇರಿಲ್ಲ ತಾನೇ, ನೋಡಿಕೊಳ್ಳಿ.

ಅಷ್ಟಾದರೂ ಕ್ಲೇಮ್ ತಿರಸ್ಕರಿಸಿದರೆ ಕಂಪನಿಗೆ ಮೊದಲು ಬರವಣಿಗೆಯಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ ವಿಮಾ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಮುಂಬೈಯಲ್ಲೂ ಪುಣೆಯಲ್ಲೂ ಕಚೇರಿ ಇದೆ. ಗೋವಾದವರಿಗೆ ಪುಣೆ ಕಚೇರಿ. ಶುಲ್ಕವಿಲ್ಲ, ವಕೀಲರೂ ಬೇಡ. ಆ ಮೊದಲ ಚೀಟಿ ಮತ್ತು ಫಾರ್ಮಿನ ಪ್ರತಿ ಜತೆಗಿರಲಿ.